ಕೋಲಾರ ಸೀಮೆಯ ಇಟ್ಟಿಗೆ ಗೋಡೆಗಳೂ ಗಾರೆಯ ಜೀರ್ಣೋದ್ಧಾರವೂ

ಪ್ರಾಚೀನ ಕರ್ಣಾಟಕದ ದಾನಶಾಸನಗಳನ್ನು ಪರಾಮರ್ಶಿಸಿದವರೆಲ್ಲರಿಗೂ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ಅರಸನಾಗಲಿ, ದಂಡನಾಯಕನಾಗಲಿ, ಊರ ಗೌಡನಾಗಲಿ ದೇವಾಲಯಕ್ಕೋ ಮಠಕ್ಕೋ ಭೂಮಿಯನ್ನು ಬಿಡುವಾಗ, ದೇವರ ಅಂಗಭೋಗ ರಂಗಭೋಗಗಳಿಗೂ ತಪೋಧನರ ಆಹಾರದಾನಕ್ಕೂ ವಿದ್ಯಾದಾನಕ್ಕೂ ಜೊತೆಯಾಗಿ, ಕಟ್ಟಡದಲ್ಲಿ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು ಒಂದು ಪಾಲನ್ನು ಮೊದಲೇ ನಿಯಮಿಸುತ್ತಿದ್ದುದುಂಟು. ಕಟ್ಟಿದುದು ಒಂದು ದಿನ ಬಿರಿಯುವುದೆಂಬುದನ್ನು ಕಟ್ಟುವ ದಿನವೇ ಒಪ್ಪಿಕೊಂಡಿದ್ದ ಆ ಹಿರಿಯರ ವಿವೇಕವು ವಿಚಾರಾರ್ಹವಾದುದು. ದಾನ ಮಾಡುವುದಕ್ಕಿಂತಲೂ ಮಾಡಿದ ದಾನವನ್ನು ಪಾಲಿಸುವುದು ಶ್ರೇಯಸ್ಕರವೆಂದು ಆ ಶಾಸನಗಳೇ ಕೊನೆಯಲ್ಲಿ ಸಾರುತ್ತವೆ. ಶ್ರೀಮಠದ ಮಹೋತ್ಸವದ ಈ ಶುಭಸಂದರ್ಭದಲ್ಲಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಇಟ್ಟಿಗೆಯ ಗೋಡೆಗಳು ಹೇಗೆ ಹುಟ್ಟಿ, ಹೇಗೆ ಸವೆದು, ಹೇಗೆ ಉದ್ಧಾರ ಹೊಂದುತ್ತ ಬಂದಿವೆಯೆಂಬ ವೃತ್ತಾಂತವು ಭಕ್ತರಿಗೆ ಉಪಯುಕ್ತವಾಗದಿರದು.

ಕೋಲಾರವು ಬಹು ಪುರಾತನವಾದ ಪಟ್ಟಣ. ಅದರ ಹಳೆಯ ಹೆಸರು ಕುವಲಾಲ. ತಲಕಾಡಿನ ಗಂಗರು ತಮ್ಮನ್ನು ‘ಕುವಲಾಲಪುರವರೇಶ್ವರ’ರೆಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಪಡುತ್ತಿದ್ದರು. ಗಂಗರ ತರುವಾಯ ಈ ಸೀಮೆಯು ಚೋಳರ ವಶವಾಯಿತು. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳು ಅನೇಕವಾಗಿವೆ. ಅವುಗಳಲ್ಲಿ ದೇವಿಗೆ ಪಿಡಾರಿಯೆಂಬ ಹೆಸರಿದೆ. ಇವುಗಳ ಪೈಕಿ ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರ ಚೋಳನ ಆಳ್ವಿಕೆಗೆ ಸೇರಿದ ಶಾಸನವೊಂದು ಪ್ರಕೃತ ವಿಷಯಕ್ಕೆ ಅತ್ಯಂತ ಪ್ರಯೋಜನಕಾರಿಯಾಗಿದೆ. ಅಲ್ಲಿಯವರೆಗೆ ಇಟ್ಟಿಗೆಯಿಂದ ಕಟ್ಟಲ್ಪಟ್ಟಿದ್ದ ಗುಡಿಯ ಭಾಗಗಳನ್ನು ಅರಸನ ಅಪ್ಪಣೆಯಂತೆ ದಂಡನಾಯಕನೊಬ್ಬನು ಕಲ್ಲಿನಿಂದ ಪುನಃ ಕಟ್ಟಿಸಿದನೆಂಬುದು ಅದರ ಸಾರಾಂಶ. ಇಂದು ಕಲ್ಲಿನ ಗುಡಿಯನ್ನು ಮಾತ್ರ ಕಾಣುವ ಯಾತ್ರಿಕನಿಗೆ ಅದರ ಹಿಂದೆ ಒಂದು ಇಟ್ಟಿಗೆಯ ಗುಡಿ ಇದ್ದಿತೆಂಬುದು ತೋಚುವುದೇ ಇಲ್ಲ. ಗಟ್ಟಿಯಾದ ಕರಿಯ ಕಲ್ಲು ಕಾಲಬುಡದಲ್ಲಿಯೇ ದೊರೆಯುವ ಈ ಸೀಮೆಯಲ್ಲಿ ಸಹ ಮೊದಲಿಗೆ ಜನರು ಆಶ್ರಯಿಸಿದುದು ಕೆರೆಯ ಮಣ್ಣನ್ನೂ ಸುಟ್ಟ ಇಟ್ಟಿಗೆಯನ್ನೂ ಎಂಬುದು ಇದರಿಂದ ವಿಶದವಾಗುತ್ತದೆ.

ಮುಳಬಾಗಿಲು ತಾಲ್ಲೂಕಿನ ಆವನಿಯು ಮಠಗಳ ಚರಿತ್ರೆಯಲ್ಲಿ ಮಾನ್ಯವಾದ ಸ್ಥಾನವನ್ನು ಪಡೆದಿದೆ. ಹತ್ತನೆಯ ಶತಮಾನದಲ್ಲಿ, ನೊಳಂಬ ಪಲ್ಲವರ ಕಾಲದಲ್ಲಿ, ತ್ರಿಭುವನಕರ್ತರೆಂಬ ಶೈವಾಚಾರ್ಯರು ಆ ಸ್ಥಾನವನ್ನು ನಾಲ್ವತ್ತು ವರ್ಷಗಳ ಕಾಲ ಆಳಿ, ಐವತ್ತು ದೇಗುಲಗಳನ್ನು ಮಾಡಿಸಿ, ಎರಡು ಹಿರಿಯ ಕೆರೆಗಳನ್ನು ಕಟ್ಟಿಸಿದರೆಂದು ಅಲ್ಲಿಯ ಶಾಸನವು ಹೇಳುತ್ತದೆ. ‘ಕಲಿಯುಗ ರುದ್ರ’ರೆಂದು ಅವರು ಕೀರ್ತಿತರಾದುದು ಸಹಜವೇ ಆಗಿದೆ. ಮಠಾಧಿಪತಿಯ ಕೆಲಸವು ಜಪತಪಗಳಲ್ಲಿ ಮುಗಿಯದೆ ಕೆರೆಯ ಏರಿ, ತೂಬು, ಗೋಡೆ, ಮಾಡುಗಳವರೆಗೂ ವ್ಯಾಪಿಸಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಮೂಡಣ ಬಾಗಿಲೆಂಬರ್ಥದ ಮುಳಬಾಗಿಲು ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಮುಖ್ಯಪಟ್ಟಣವಾಗಿದ್ದಿತು. ಪ್ರೌಢದೇವರಾಯನ (1424–1446) ಪ್ರಧಾನರಲ್ಲಿ ಅಗ್ರಗಣ್ಯನಾದ ಲಕ್ಕಣ್ಣ ದಂಡೇಶನು ಈ ಸೀಮೆಯ ಅಧಿಕಾರದಲ್ಲಿದ್ದವನು. ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿ ಶರಣರ ಚರಿತ್ರೆಯನ್ನೂ ವೀರಶೈವ ತತ್ತ್ವವನ್ನೂ ಲೋಕಕ್ಕೆ ತಿಳಿಯಪಡಿಸಿದ ಆ ಮಹನೀಯನ ಹೆಸರು ಮುಳಬಾಗಿಲು ತಾಲ್ಲೂಕಿನ ಶಾಸನಗಳಲ್ಲಿಯೂ, ವಿಶೇಷವಾಗಿ ವಿರೂಪಾಕ್ಷ ದೇವಾಲಯದ ಸಂಬಂಧದಲ್ಲಿಯೂ ಕಂಡುಬರುತ್ತದೆ. ಒಂದು ಕೈಯಲ್ಲಿ ಕಂಠವನ್ನೂ ಇನ್ನೊಂದು ಕೈಯಲ್ಲಿ ಕಟ್ಟಡದ ಸೂತ್ರವನ್ನೂ ಹಿಡಿದ ಇಂತಹ ಪುರುಷರು ಇದ್ದುದರಿಂದಲೇ ಆ ಯುಗವು ಗ್ರಂಥಗಳಿಗೂ ಗೋಪುರಗಳಿಗೂ ತವರಾಯಿತು.

ವಿಜಯನಗರದ ಶಿಲ್ಪಿಗಳ ಪದ್ಧತಿಯಂತೆ ಗೋಪುರದ ಕೆಳಭಾಗವು ಕಲ್ಲಿನದಾಗಿಯೂ ಮೇಲಣ ನೆಲೆಗಳು ಇಟ್ಟಿಗೆ ಗಾರೆಗಳವಾಗಿಯೂ ಇರುತ್ತಿದ್ದುವು. ಕಲ್ಲನ್ನು ಅಷ್ಟು ಎತ್ತರಕ್ಕೆ ಏರಿಸಿದರೆ ಬಾಗಿಲವಾಡದ ತೊಲೆಗಳು ಭಾರವನ್ನು ತಾಳಲಾರವು. ಇಟ್ಟಿಗೆಯಾದರೋ ಹಗುರವಾದುದು, ಗಾರೆಯು ಪ್ರತಿಮೆಗಳ ರೂಪಕ್ಕೆ ಬಗ್ಗುವಂತಹುದು. ಆದಕಾರಣ ಕಲ್ಲಿನ ದೇವಾಲಯವೆಂದು ಜನರು ಕರೆಯುವ ಕಟ್ಟಡಗಳಲ್ಲಿಯೂ ಮಳೆಗಾಳಿಗಳಿಗೆ ಮೊಟ್ಟಮೊದಲು ಎದೆಯೊಡ್ಡಿ ನಿಂತಿರುವುದು ಇಟ್ಟಿಗೆಯೂ ಅದರ ಸಂದಿನ ಗಾರೆಯೂ ಆಗಿರುತ್ತವೆ. ಮುಂದಣ ಶತಮಾನಗಳಲ್ಲಿ ಕಟ್ಟಿದ ಮಠಗಳು, ಛತ್ರಗಳು, ಗೋರಿಗಳು, ತೊಟ್ಟಿಯ ಮನೆಗಳು, ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಮರದ ತೊಲೆಗಳ ಮೇಲೆ ಕಟ್ಟಿದ ಮದರಾಸು ತಾರಸಿಗಳು ಇವೆಲ್ಲವೂ ಆ ಒಂದೇ ವಿದ್ಯೆಯ ಮಕ್ಕಳು.

ಈ ವಿದ್ಯೆಯ ಮೂಲವು ಸುಣ್ಣ. ಸಂಸ್ಕೃತದಲ್ಲಿ ಸುಣ್ಣದ ಗಾರೆಗೆ ‘ಸುಧಾ’ ಎಂದು ಹೆಸರು. ಅಮೃತಕ್ಕೂ ಅದೇ ಹೆಸರು. ಸುಧೆಯನ್ನು ಬಳಿದ ಮನೆಯೇ ‘ಸೌಧ’. ಕೋಲಾರದ ಸೀಮೆಯಲ್ಲಿ ಸುಣ್ಣದ ಕಲ್ಲಿನ ಬೆಟ್ಟಗಳಿಲ್ಲ. ಬಯಲುಸೀಮೆಯ ಜನರು ಹೊಲಗಳಲ್ಲಿಯೂ ಹಳ್ಳದ ದಡಗಳಲ್ಲಿಯೂ ಗಂಟುಗಂಟಾಗಿ ದೊರೆಯುವ ಸುಣ್ಣಗಲ್ಲನ್ನು ಆಯ್ದು ತಂದು, ಸೌದೆ ಇದ್ದಲುಗಳೊಡನೆ ಗೂಡಿನಲ್ಲಿ ಸುಡುತ್ತಿದ್ದರು. ಶುದ್ಧವಾದ ಸುಣ್ಣಗಲ್ಲು ನೂರು ತೂಕವಿದ್ದರೆ, ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಅದರೊಳಗಿನ 44 ತೂಕ ಇಂಗಾಲಾಮ್ಲವಾಯುವು ಹಾರಿಹೋಗಿ 56 ತೂಕ ಸುಟ್ಟ ಸುಣ್ಣವು ಉಳಿಯುತ್ತದೆ. ಅದಕ್ಕೆ ನೀರೆರೆದರೆ ಕುದಿದು ಅರಳಿ ನುಣ್ಣನೆಯ ತಿಳಿಸುಣ್ಣವಾಗುವುದು. ಗೋಡೆಯ ಸಂದಿನಲ್ಲಿ ಸೇರಿದ ಮೇಲೆ ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬೆಂಕಿಯಲ್ಲಿ ಕಳೆದುಕೊಂಡುದನ್ನು ಗಾಳಿಯಲ್ಲಿ ಪಡೆಯುವ ಈ ಕಾರ್ಯವು ಗೋಡೆಯ ಒಳಭಾಗದಲ್ಲಿ ವರ್ಷಾನುವರ್ಷ ನಡೆಯುತ್ತಿರುತ್ತದೆ.

ಬಯಲಿನ ಸುಣ್ಣಗಲ್ಲಿನಲ್ಲಿ ಜೇಡಿಯ ಅಂಶವು ಬೆರೆತಿರುವುದರಿಂದ, ಅದರ ಗಾರೆಗೆ ನೀರಿನಲ್ಲಿಯೂ ಗಟ್ಟಿಯಾಗುವ ಗುಣವು ಸ್ವಲ್ಪ ಮಟ್ಟಿಗೆ ಸಿದ್ಧಿಸುತ್ತದೆ. ಅದನ್ನು ಹೆಚ್ಚಿಸಲು ಇಟ್ಟಿಗೆಯ ಪುಡಿಯನ್ನು, ಎಂದರೆ ಸುರ್ಕಿಯನ್ನು, ಬೆರೆಸುತ್ತಿದ್ದರು. ಕೆರೆಯ ತೂಬುಗಳಿಗೂ ಬಾವಿಯ ಕಟ್ಟೆಗಳಿಗೂ ಈ ಸುರ್ಕಿಗಾರೆಯೇ ಯೋಗ್ಯವಾದುದು. ಸುಣ್ಣ, ಮರಳು, ಸುರ್ಕಿಗಳನ್ನು ದುಂಡನೆಯ ಕಲ್ಲುದೋಣಿಯಲ್ಲಿ ಹಾಕಿ, ಎತ್ತು ಎಳೆಯುವ ಕಲ್ಲಿನ ಗಾಲಿಯಿಂದ ಬೆಣ್ಣೆಯಂತಾಗುವವರೆಗೆ ಅರೆಯುತ್ತಿದ್ದರು. ಅಳಲೆಕಾಯಿಯನ್ನು ನೆನೆಯಿಸಿದ ನೀರನ್ನೂ ಬೆಲ್ಲದ ನೀರನ್ನೂ ಸೇರಿಸುವ ವಾಡಿಕೆಯು ದಕ್ಷಿಣ ದೇಶದಲ್ಲೆಲ್ಲ ಇದ್ದಿತು. ಸುಣ್ಣ ಸುಡುವುದರಲ್ಲಿಯೂ ಗಾರೆ ಕೆಲಸದಲ್ಲಿಯೂ ಉಪ್ಪಾರರು ಪ್ರವೀಣರಾಗಿದ್ದರು.

ಇನ್ನು ಇಟ್ಟಿಗೆಯ ವಿಷಯ. ಮಾಲೂರು ತಾಲ್ಲೂಕು ತನ್ನ ಜೇಡಿಮಣ್ಣಿನಿಂದ ಪ್ರಸಿದ್ಧಿ ಪಡೆದಿದೆ. 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ರೈಲುದಾರಿ ಬಂದಾಗ ಅದು ಮಾಲೂರು ಟೇಕಲ್‌ಗಳ ಮಾರ್ಗವಾಗಿಯೇ ಹಾದುಹೋಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಯಂತ್ರದ ಹೆಂಚಿನ ಕೈಗಾರಿಕೆಯು ಕಾಲಕ್ರಮದಲ್ಲಿ ದೇಶದಲ್ಲೆಲ್ಲ ಹರಡಿತು. ಮಾಲೂರಿನ ಹೆಂಚೂ ಇಟ್ಟಿಗೆಯೂ ಬೆಂಗಳೂರಿನ ಮನೆಗಳಿಗೆ ಹೊದಿಕೆಯೂ ಗೋಡೆಯೂ ಆದುವು. ಕೆರೆಯ ಮಣ್ಣನ್ನು ಅಗೆದು, ತುಳಿದು, ಅಚ್ಚಿಗೆ ಹಾಕಿ, ಒಣಗಿಸಿ, ಸುಡುವ ಈ ಕಾಯಕವು ಕುಂಬಾರನ ಕಾಯಕಕ್ಕೆ ಒಡಹುಟ್ಟು. ಮಡಕೆಯ ಮೇಲೆ ಬಡಿದ ಸದ್ದಿಗೆ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯನವರ ಕಥೆಯನ್ನು ಹರಿಹರನ ರಗಳೆಯಿಂದ ತಿಳಿದ ಭಕ್ತರಿಗೆ ಮಣ್ಣಿನ ಕೆಲಸದ ಪಾವಿತ್ರ್ಯವನ್ನು ಬೇರೆ ವಿವರಿಸಬೇಕಾದುದಿಲ್ಲ.

ಇಷ್ಟು ಜಾಗರೂಕತೆಯಿಂದ ಕಟ್ಟಿದ ಗೋಡೆಯು ಕೆಡುವುದೆಂತು? ಕೆಡುವುದು ಮೊದಲು ಇಟ್ಟಿಗೆಯಲ್ಲ, ಸಂದು. ಸುಣ್ಣದ ಗಾರೆಯು ಇಟ್ಟಿಗೆಗಿಂತ ಮೃದುವಾದುದು. ಗೋಡೆಯೊಳಗಿನ ತೇವವು ಹೊರಗೆ ಬರುವುದು ಆ ಸಂದುಗಳ ಮೂಲಕವೇ. ನೆಲದಿಂದ ಏರಿದ ನೀರಾಗಲಿ, ತಾರಸಿಯಿಂದ ಇಳಿದ ನೀರಾಗಲಿ ತನ್ನೊಡನೆ ಉಪ್ಪನ್ನು ಕರಗಿಸಿ ತರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಉಬ್ಬುತ್ತದೆ. ಉಬ್ಬಿದಾಗ ಗಾರೆಯು ಪುಡಿಯಾಗಿ ಉದುರುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700–750 ಮಿಲಿಮೀಟರು ಮಳೆಯಾಗುವುದಾದರೂ, ಅದರ ಬಹುಭಾಗವು ಕೆಲವೇ ತಿಂಗಳುಗಳಲ್ಲಿ ಸುರಿದು ಉಳಿದ ಕಾಲವೆಲ್ಲ ಒಣಗಾಳಿ ಬಿಸಿಲುಗಳಿಗೆ ಮೀಸಲಾಗಿರುತ್ತದೆ. ಹೀಗೆ ನೆನೆಯುವುದೂ ಒಣಗುವುದೂ ಸರದಿಯಾಗಿ ಬರುವುದೇ ಸಂದಿಗೆ ದೊಡ್ಡ ಪರೀಕ್ಷೆ. ಸಂದು ಸ್ವಲ್ಪ ಬಿಟ್ಟ ಕೂಡಲೆ ಅಲ್ಲಿ ಧೂಳು ಕೂರುತ್ತದೆ. ಹಕ್ಕಿ ತಂದ ಅರಳಿಯ ಇಲ್ಲವೆ ಆಲದ ಬೀಜವು ಆ ಧೂಳಿನಲ್ಲಿ ಮೊಳೆಯುತ್ತದೆ. ಬೆರಳಷ್ಟಿದ್ದ ಬೇರು ಹತ್ತು ವರ್ಷಗಳಲ್ಲಿ ತೋಳಿನಷ್ಟಾಗಿ ಗೋಪುರವನ್ನೇ ಸೀಳಿಬಿಡುತ್ತದೆ. ಪೂಜ್ಯವಾದ ವೃಕ್ಷವೆಂದು ಅದನ್ನು ಮುಟ್ಟಲಂಜಿದ ಭಕ್ತರ ಕಣ್ಣೆದುರಿಗೇ ಎಷ್ಟೋ ಮಂಟಪಗಳು ನೆಲವನ್ನು ಕಂಡಿವೆ.

ಆದರೂ ಸಂದು ಸವೆಯುವುದು ದೋಷವೆಂದು ಎಣಿಸಬೇಕಾದುದಿಲ್ಲ. ಇಟ್ಟಿಗೆಯು ಉಳಿಯಲೆಂದು ಗಾರೆಯು ತಾನು ಸವೆಯುತ್ತದೆ. ಸವೆದ ಗಾರೆಯನ್ನು ತೆಗೆದು ಹೊಸದನ್ನು ತುಂಬಬಹುದು. ಇಟ್ಟಿಗೆಯ ಮುಖವೇ ಉದುರಿದರೆ ಅದನ್ನು ಮರಳಿಸಲಾಗದು. ಹಿಂದಿನವರು ಇದನ್ನು ಅರಿತವರಾಗಿ, ದೀಪಾವಳಿಗೋ ಯುಗಾದಿಗೋ ಊರ ಜಾತ್ರೆಗೋ ಮುಂಚೆ ಗೋಡೆಗಳಿಗೆ ಸುಣ್ಣ ಬಳಿಯುವ ಸಂಪ್ರದಾಯವನ್ನು ನಡೆಸಿಕೊಂಡು ಬಂದರು. ಅಲಂಕಾರವೆಂದು ತೋರುವ ಈ ಆಚಾರವು ವಾಸ್ತವವಾಗಿ ವರ್ಷಕ್ಕೊಮ್ಮೆ ನಡೆಯುವ ಕಿರಿಯ ಜೀರ್ಣೋದ್ಧಾರವಾಗಿದ್ದಿತು. ತಿಳಿಸುಣ್ಣವು ಕೂದಲೆಳೆಯಷ್ಟಿನ ಬಿರುಕುಗಳನ್ನು ಹೊಕ್ಕು ಮುಚ್ಚುತ್ತಿದ್ದಿತು.

ಈ ಪರಂಪರೆಗೆ ಭಂಗ ಬಂದುದು ಸಿಮೆಂಟಿನ ಆಗಮನದಿಂದ. ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆಯವನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದನು. ಭಾರತದಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆಯು ಸಿಮೆಂಟನ್ನು ಉತ್ಪಾದಿಸತೊಡಗಿತು. ತರುವಾಯ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ್ದೇ ಆದ ಕಾರ್ಖಾನೆಯು ಹುಟ್ಟಿತು. ಹೊಸ ಕಟ್ಟಡಗಳಿಗೂ ಅಣೆಕಟ್ಟುಗಳಿಗೂ ಸಿಮೆಂಟು ಮಾಡಿದ ಉಪಕಾರವು ನಿರ್ವಿವಾದವಾದುದು. ಆದರೆ ಹಳೆಯ ಗೋಡೆಯ ಮೃದುವಾದ ಇಟ್ಟಿಗೆಗಳ ನಡುವೆ ಅದನ್ನು ತುಂಬಿದಾಗ ಫಲವು ವಿಪರೀತವಾಗುತ್ತದೆ. ಸಿಮೆಂಟು ಗಟ್ಟಿಯಾದುದು, ಬಿಗಿಯಾದುದು. ತೇವವನ್ನು ಹೊರಕ್ಕೆ ಬಿಡದು. ಅದರ ಅಂಚಿನ ಸೂಕ್ಷ್ಮವಾದ ಬಿರುಕಿನಲ್ಲಿ ಒಳಹೊಕ್ಕ ಮಳೆನೀರು ಸಂದಿನಿಂದ ಹೊರಬರಲಾರದೆ ಇಟ್ಟಿಗೆಯ ಮೂಲಕವೇ ಬರಬೇಕಾಗುತ್ತದೆ. ಆಗ ಉಪ್ಪು ಹರಳುಗಟ್ಟುವುದೂ ಇಟ್ಟಿಗೆಯಲ್ಲಿಯೇ. ಕೆಲವು ವರ್ಷಗಳಲ್ಲಿ ಇಟ್ಟಿಗೆಯ ಮುಖಗಳು ಪದರಪದರವಾಗಿ ಉದುರಿ ಒಳಸೇರುತ್ತವೆ. ಸಿಮೆಂಟಿನ ಸಂದುಗಳು ಮಾತ್ರ ಬರಿದಾದ ಜೇನುಗೂಡಿನಂತೆ ಮುಂಚಾಚಿಕೊಂಡು ನಿಲ್ಲುತ್ತವೆ. ಸವೆಯಬೇಕಾಗಿದ್ದುದು ಉಳಿದು, ಉಳಿಯಬೇಕಾಗಿದ್ದುದು ಸವೆದಂತಾಯಿತು. ಸುಣ್ಣದ ಬಳಿತಕ್ಕೆ ಬದಲಾಗಿ ಹಚ್ಚುವ ಎಣ್ಣೆಬಣ್ಣವೂ ಇದೇ ಬಗೆಯ ಅಪಕಾರವನ್ನು ಮಾಡುತ್ತದೆ.

ಇಲ್ಲಿ ಯೋಚಿಸತಕ್ಕ ಸಂಗತಿಯೇನೆಂದರೆ, ಈ ಹಾನಿಯು ಅಲಕ್ಷ್ಯದಿಂದ ಆದುದಲ್ಲ. ಹೆಚ್ಚಾಗಿ ಭಕ್ತಿಯಿಂದಲೇ ಆದುದು. ಗುರುಮನೆಯ ಗೋಡೆ ಬಿರಿದುದನ್ನು ಕಂಡು ಮನನೊಂದ ಭಕ್ತನು ತನ್ನ ದುಡಿಮೆಯ ಹಣವನ್ನು ತಂದು, ಗಟ್ಟಿಯಾದುದೆಂದು ತಾನು ನಂಬಿದ ಪದಾರ್ಥವನ್ನೇ ಹಾಕಿಸುತ್ತಾನೆ. ಅವನ ಭಾವವು ಶುದ್ಧವಾದುದು, ಕೆಟ್ಟುದು ಗೋಡೆ. ಭಕ್ತಿಗೆ ತಿಳಿವಳಿಕೆಯು ಜೊತೆಗೂಡದಿದ್ದರೆ ಸೇವೆಯೂ ಅಪಾಯವಾಗುವುದೆಂಬುದಕ್ಕೆ ಇದು ಕಣ್ಣಿಗೆ ಕಾಣುವ ಉದಾಹರಣೆ.

ಪುರಾತನ ವಸ್ತುಗಳ ರಕ್ಷಣೆಯ ವಿಷಯದಲ್ಲಿ ಸರಕಾರಗಳ ಪ್ರಯತ್ನವೂ ಸ್ಮರಣೀಯವಾದುದು. ಲೂಯಿ ರೈಸ್ ಸಾಹೇಬರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ಣಾಟಿಕ’ದ ಹತ್ತನೆಯ ಸಂಪುಟವು 1905ರಲ್ಲಿ ಪ್ರಕಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಬೆಳಕಿಗೆ ತಂದಿತು. 1904ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿಯೂ 1925ರಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾನೂನುಗಳಾದುವು. 1923ರಲ್ಲಿ ಸರ್ ಜಾನ್ ಮಾರ್ಷಲ್ ಅವರು ಪ್ರಕಟಿಸಿದ ಸಂರಕ್ಷಣ ಕೈಪಿಡಿಯು, ಜೀರ್ಣವಾಗಿದ್ದರೂ ಮೂಲದ ಕೆಲಸವು ಅಚ್ಚುಕಟ್ಟಾದ ಹೊಸ ಕೆಲಸಕ್ಕಿಂತ ಬೆಲೆಯುಳ್ಳದ್ದೆಂಬ ತತ್ತ್ವವನ್ನು ನೆಲೆಗೊಳಿಸಿತು. ಕೋಲಾರಮ್ಮನ ಗುಡಿಯೂ ಸೋಮೇಶ್ವರ ದೇವಾಲಯವೂ ಇಂದು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಆದರೆ ಹಳ್ಳಿಹಳ್ಳಿಗಳ ಮಠ, ಗದ್ದಿಗೆ, ಛತ್ರ, ಕಲ್ಯಾಣಿಗಳಿಗೆಲ್ಲ ಸರಕಾರದ ಕಾವಲು ದೊರೆಯುವಂತಿಲ್ಲ. ಅವುಗಳಿಗೆ ಭಕ್ತರೇ ಕಾವಲು.

ಆದುದರಿಂದ ಸಂದಿನ ಉದ್ಧಾರಕ್ರಮವನ್ನು ಸಂಕ್ಷೇಪವಾಗಿ ತಿಳಿಸುವುದು ಯುಕ್ತವಾಗಿದೆ. ಮೊದಲು ನೀರಿನ ದಾರಿಯನ್ನು ತಿದ್ದಬೇಕು. ತಾರಸಿಯ ಸೋರಿಕೆ, ಮುರಿದ ನೀರುದೋಣಿ, ಗೋಡೆಯ ಬುಡದಲ್ಲಿ ನಿಲ್ಲುವ ನೀರು ಇವುಗಳನ್ನು ಬಿಟ್ಟು ಸಂದನ್ನು ತುಂಬುವುದು ತೂತಾದ ಕೊಡಕ್ಕೆ ನೀರೆರೆದಂತೆ ವ್ಯರ್ಥ. ಗಿಡಗಳನ್ನು ಸೆಳೆದು ಕೀಳಬಾರದು. ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ. ಕಾಂಡವನ್ನು ಕತ್ತರಿಸಿ ಬೇರನ್ನು ಸಾಯಿಸಿ, ತರುವಾಯ ಆ ಎಡೆಯನ್ನು ಬಿಡಿಸಿ ಕಟ್ಟಬೇಕು. ಅನಂತರ ಸಡಿಲವಾದ ಗಾರೆಯನ್ನು ಕೈಯುಳಿಯಿಂದಲೇ, ಸಂದಿನ ಅಗಲಕ್ಕೆ ಎರಡರಷ್ಟು ಆಳದವರೆಗೆ, ಇಟ್ಟಿಗೆಯ ಅಂಚು ಮುರಿಯದಂತೆ ತೆಗೆಯಬೇಕು. ಯಂತ್ರದ ಗರಗಸವು ಒಂದು ಗಳಿಗೆಯಲ್ಲಿ ಮಾಡುವ ಗಾಯವು ಶತಮಾನವಾದರೂ ಮಾಯದು. ಗಟ್ಟಿಯಾಗಿರುವ ಹಳೆಯ ಗಾರೆಯನ್ನು ಮುಟ್ಟತಕ್ಕದ್ದಲ್ಲ.

ಸಂದನ್ನು ಕುಂಚದಿಂದ ಗುಡಿಸಿ, ನೀರಿನಿಂದ ತೊಳೆದು, ತೇವವಾಗಿರುವಾಗಲೇ ಹೊಸ ಗಾರೆಯನ್ನು ಪದರಪದರವಾಗಿ ಒತ್ತಿ ತುಂಬಬೇಕು. ಒಣಗಿದ ಇಟ್ಟಿಗೆಯು ಗಾರೆಯ ನೀರನ್ನೆಲ್ಲ ಹೀರಿ ಅದನ್ನು ನಿಸ್ಸತ್ತ್ವ ಮಾಡುವುದು. ಒಂದು ಪಾಲು ಚೆನ್ನಾಗಿ ಹಣ್ಣಾದ ಸುಣ್ಣಕ್ಕೆ ಎರಡು ಮೂರು ಪಾಲು ಮರಳು ಸುರ್ಕಿಗಳು ಸಾಮಾನ್ಯವಾದ ಪ್ರಮಾಣ. ಆದರೂ ಹಳೆಯ ಗಾರೆಯ ತುಣುಕನ್ನು ಪರೀಕ್ಷಿಸಿ ಅದರ ಬಣ್ಣಕ್ಕೂ ಮರಳಿನ ಕಣಕ್ಕೂ ಹೊಂದಿಸಿಕೊಳ್ಳುವುದೇ ಉತ್ತಮವಾದ ಮಾರ್ಗ. ಗಾರೆಯು ಇಟ್ಟಿಗೆಯ ಮುಖಕ್ಕಿಂತ ಕೂದಲೆಳೆಯಷ್ಟು ಒಳಗೆ ನಿಲ್ಲಬೇಕು, ಮೇಲೆ ಹರಡಬಾರದು. ಕೆಲಸವು ಮೇಲಿನಿಂದ ಕೆಳಕ್ಕೆ ಸಾಗಬೇಕು. ಬಳಿಕ ನೆನೆದ ಗೋಣಿಯನ್ನು ತೂಗುಹಾಕಿ ಹಲವು ದಿನಗಳವರೆಗೆ ತಣ್ಣಗೆ ಕಾಪಾಡಬೇಕು. ಕೋಲಾರದ ಸೀಮೆಗೆ ಹಿಂಗಾರು ಮಳೆ ನಿಂತು ಬಿಸಿಲು ಏರುವುದಕ್ಕೆ ಮುಂಚಿನ ಮಾರ್ಗಶಿರ, ಪುಷ್ಯ, ಮಾಘ ಮಾಸಗಳು ಇದಕ್ಕೆ ಪ್ರಶಸ್ತವಾದ ಕಾಲ. ಸುಣ್ಣಕ್ಕೆ ಆತುರವಿಲ್ಲ, ಅದನ್ನು ನಂಬಿದವನಿಗೂ ಆತುರವಿರಬಾರದು.

ಈ ವಿದ್ಯೆಯು ಕೈಯಿಂದ ಕೈಗೆ ದಾಟಿಬಂದುದು. ಎತ್ತಿನ ಗಾರೆಯ ಗಾಣಗಳು ನಿಂತುಹೋದುವು. ಅವುಗಳ ಕಲ್ಲುಗಾಲಿಗಳು ಹಳೆಯ ಕಟ್ಟಡಗಳ ಬಳಿ ಅಲ್ಲಲ್ಲಿ ಮಣ್ಣಿನಲ್ಲಿ ಹೂತುಬಿದ್ದಿವೆ. ಸುಣ್ಣದ ಹದವನ್ನು ಕರಣಿಯ ಮೇಲೆ ಅದು ಅಂಟುವ ಬಗೆಯಿಂದಲೇ ತಿಳಿಯಬಲ್ಲ ಮೇಸ್ತ್ರಿಗಳು ವಿರಳರಾಗಿದ್ದಾರೆ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಕೈ ಮರೆತರೆ ಕಟ್ಟುವವರಾರು? ಮಠದ ಕಟ್ಟಡವೊಂದನ್ನು ಸರಿಪಡಿಸುವಾಗ ಇಬ್ಬರು ತರುಣರನ್ನು ಅಂತಹ ವೃದ್ಧ ಮೇಸ್ತ್ರಿಯ ಜೊತೆಯಲ್ಲಿ ನಿಲ್ಲಿಸಿದರೆ, ಗೋಡೆಯೊಡನೆ ಒಂದು ಕಾಯಕವೂ ಉಳಿದಂತಾಗುವುದು.

ಬಸವಾದಿ ಪ್ರಮಥರು ಸ್ಥಾವರ ಜಂಗಮಗಳ ವಿವೇಕವನ್ನು ಬೋಧಿಸಿ, ಕಲ್ಲು ಮಣ್ಣುಗಳ ಗುಡಿಗಿಂತ ಜೀವಂತವಾದ ಭಕ್ತಿಯನ್ನು ಮೇಲೆಂದು ಎಣಿಸಿದರು. ಹಾಗಾದರೆ ಗೋಡೆಯ ಸಂದಿಗಾಗಿ ಇಷ್ಟು ಶ್ರಮವೇಕೆಂದು ಯಾರಾದರೂ ಕೇಳಬಹುದು. ಮಠದ ಗೋಡೆಯು ಪೂಜೆಗೊಳ್ಳುವ ವಸ್ತುವಲ್ಲ. ಅನ್ನ ಅಕ್ಷರಗಳ ದಾಸೋಹಕ್ಕೆ ನೆರಳು. ಅದರ ಅಡಿಯಲ್ಲಿ ಹಸಿದವನು ಉಣ್ಣುತ್ತಾನೆ, ಬಾಲಕನು ಓದುತ್ತಾನೆ, ದಾರಿಗನು ಮಲಗುತ್ತಾನೆ. ಆ ನೆರಳನ್ನು ಕಾಯುವುದು ಕಾಯಕ. ಅದಕ್ಕೆ ಕೊಡುವುದು ದಾಸೋಹ. ಹೊಸ ಮಂಟಪವನ್ನು ಕಟ್ಟಿಸಿದವನ ಹೆಸರು ಚಂದ್ರಕಾಂತ ಶಿಲೆಯ ಮೇಲೆ ಮೂಡುತ್ತದೆ. ಸಂದನ್ನು ತುಂಬಿಸಿದವನ ಹೆಸರನ್ನು ಬರೆಯಲು ಸಂದಿನಲ್ಲಿ ಎಡೆಯಿಲ್ಲ. ಹೆಸರಿಲ್ಲದ ಈ ದಾನವೇ ಶರಣರ ಮಾರ್ಗಕ್ಕೆ ಸಮೀಪವಾದುದಲ್ಲವೆ?

ಹತ್ತನೆಯ ಶತಮಾನದ ಆವನಿಯ ಆಚಾರ್ಯರಿಂದ ಹದಿನೈದನೆಯ ಶತಮಾನದ ಲಕ್ಕಣ್ಣ ದಂಡೇಶನವರೆಗೆ, ಅಲ್ಲಿಂದ ಇಂದಿನವರೆಗೆ, ಈ ಸೀಮೆಯಲ್ಲಿ ಕಟ್ಟಿದವರ ಹೆಸರುಗಳು ಶಾಸನಗಳಲ್ಲಿ ಉಳಿದಿವೆ. ಅವರು ಕಟ್ಟಿದುದು ನಿಂತಿರುವುದಾದರೋ ಹೆಸರುಳಿಯದ ಅಸಂಖ್ಯಾತ ಕೈಗಳು ವರ್ಷವರ್ಷವೂ ಸುಣ್ಣವನ್ನು ಬಳಿದು ಸಂದನ್ನು ತುಂಬಿದುದರಿಂದ. ಮಹೋತ್ಸವದ ಕಾಣಿಕೆಗಳಲ್ಲಿ ಒಂದು ಸಣ್ಣ ಪಾಲನ್ನು, ಪೂರ್ವಿಕರು ನಿಯಮಿಸುತ್ತಿದ್ದಂತೆಯೇ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಪ್ರತ್ಯೇಕವಾಗಿ ತೆಗೆದಿರಿಸಿದರೆ ಆ ಪರಂಪರೆಯು ಅವಿಚ್ಛಿನ್ನವಾಗಿ ಮುಂದುವರಿಯುವುದು. ಮುಂದಿನ ಮಹೋತ್ಸವವನ್ನು ಆಚರಿಸುವ ಶಿಷ್ಯಸಂತತಿಯೂ ಈ ಗೋಡೆಗಳ ನೆರಳಿನಲ್ಲಿಯೇ ಕುಳಿತು ಪ್ರಸಾದವನ್ನು ಸ್ವೀಕರಿಸುವಂತೆ ಪರಶಿವನು ಅನುಗ್ರಹಿಸಲಿ. ಶುಭಮಸ್ತು.